ಐದು ಸಾವಿರದ ನ್ಯಾಯ

ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ನಮ್ಮ ಸಂವಿಧಾನದ 14ನೆಯ ವಿಧಿ ಸಾರುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜವೆಂದು ತಿಳಿಯಲು ದೊಡ್ಡ ಗ್ರಂಥಗಳನ್ನು ತಿರುವಬೇಕಾಗಿಲ್ಲ. ಹಳೆಯ ಕಾರು ಮಾರುವವರ ಜಾಹೀರಾತು ಓದಿದರೆ ಸಾಕು.

ಫೋರ್ಡ್ ಕಂಪನಿಯ ಮಸ್ಟಾಂಗ್ ಕಾರು ಅಮೆರಿಕದಲ್ಲಿ 1964ರಲ್ಲಿ ಹುಟ್ಟಿದ್ದು. ಸಾಧಾರಣ ಗಾತ್ರದ ಮೈಗೆ ಭಾರಿ ಇಂಜಿನು ಕೂರಿಸಿದ ಇಂಥವನ್ನು ಅಲ್ಲಿಯವರು ‘ಮಸಲ್ ಕಾರು’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಜಟ್ಟಿ ಕಾರು. 2016ರಲ್ಲಿ ಕಂಪನಿ ಅದನ್ನು ನಮ್ಮ ದೇಶಕ್ಕೆ ತಂದಾಗ ದೆಹಲಿಯ ಷೋರೂಮಿನ ಬೆಲೆ 65 ಲಕ್ಷ ರೂಪಾಯಿ. ಎಂಟು ಸಿಲಿಂಡರು, ಐದು ಲೀಟರಿನ ಇಂಜಿನು, ಸುಮಾರು 400 ಅಶ್ವಶಕ್ತಿ. ಗಿರಣಿಯ ಪಾಳಿಗೆ ಹೋಗುವ ನಮ್ಮ ಕೆಲಸಗಾರನ 100 ಸಿ.ಸಿ. ಬೈಕಿನ ಬಲ ಸುಮಾರು ಎಂಟು ಅಶ್ವಶಕ್ತಿ. ಅಂದರೆ ಐವತ್ತು ಬೈಕುಗಳ ಬಲವನ್ನು ಒಬ್ಬನ ಕಾಲಡಿಗೆ ಕೊಟ್ಟಂತಾಯಿತು.

ಕೊಂಡವರಲ್ಲಿ ಕೆಲವರಿಗೆ ಇದೂ ಸಾಲದು. ಸೈಲೆನ್ಸರು ಕಿತ್ತು ಗರ್ಜಿಸುವ ಕೊಳವೆ ಹಾಕಿಸುತ್ತಾರೆ. ಇಂಜಿನನ್ನು ಆಳುವ ಕಂಪ್ಯೂಟರಿನ ಲೆಕ್ಕ ತಿದ್ದಿಸುತ್ತಾರೆ. ಗಾಳಿಯನ್ನು ಒತ್ತಿ ತುಂಬುವ ಯಂತ್ರ ಕೂರಿಸಿ ಇನ್ನಷ್ಟು ಬಲ ಏರಿಸುತ್ತಾರೆ. ಆಸೆ ತೀರಿದ ಮೇಲೆ ಕಾರು ಮಾರಾಟಕ್ಕೆ ಬರುತ್ತದೆ. ಆಗ ಈ ಬದಲಾವಣೆಗಳನ್ನು ಮುಚ್ಚಿಡುವುದಿಲ್ಲ; ಒಂದೊಂದನ್ನೂ ಪಟ್ಟಿ ಮಾಡಿ, ಇದಕ್ಕಿಷ್ಟು ಖರ್ಚಾಗಿದೆ ಎಂದು ಬೆಲೆಗೆ ಸೇರಿಸುತ್ತಾರೆ.

ಇನ್ನು ಕಾಯಿದೆ ಏನನ್ನುತ್ತದೆ ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ನೋಂದಣಿ ಪತ್ರದ ವಿವರಕ್ಕೂ ವ್ಯತ್ಯಾಸವಾಗುವಂತೆ ಯಾವ ಮಾಲೀಕನೂ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯನ್ನೂ ಬರೆದರು: ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಅನುಮತಿ ಪಡೆಯದೆ ಮಾಡಿದ ಬದಲಾವಣೆಗಳನ್ನು ಹೆಮ್ಮೆಯಿಂದ ಪಟ್ಟಿ ಮಾಡುವ ಜಾಹೀರಾತು ತಪ್ಪೊಪ್ಪಿಗೆಯ ಪತ್ರವೇ ಸರಿ. ತಪ್ಪನ್ನು ಗುಣವೆಂದು ಸಾರಿ ಅದಕ್ಕೆ ಬೆಲೆ ಕೇಳುವ ಧೈರ್ಯ ಎಲ್ಲಿಂದ ಬಂತು? ಐದು ಸಾವಿರದಿಂದ ಬಂತು. ಕಾರಿಗೆ 65 ಲಕ್ಷ ಕೊಟ್ಟವನಿಗೆ ಐದು ಸಾವಿರವೆಂಬುದು ಅದರ ಸಾವಿರದ ಮುನ್ನೂರನೆಯ ಒಂದು ಪಾಲು. ಅದು ದಂಡವಲ್ಲ, ಸುಂಕ.

ಇದೇ 52ನೆಯ ಪ್ರಕರಣ ನಮ್ಮ ಜಿಲ್ಲೆಯಲ್ಲಿ ಯಾರ ತಲೆಯ ಮೇಲೆ ತೂಗುತ್ತಿದೆ? ಗೂಡ್ಸ್ ಆಟೋದ ಹಿಂಬದಿಗೆ ತಗಡಿನ ಚಪ್ಪರ ಬೆಸೆದು, ಸ್ಟೌವ್ ಕೂರಿಸಿ, ಶ್ರೀರಂಗಪಟ್ಟಣಕ್ಕೆ ಬರುವ ಯಾತ್ರಿಕರಿಗೆ ಇಡ್ಲಿ ಮಾರುವವನ ಮೇಲೆ. ಪುಟ್ಟ ಟೆಂಪೋವನ್ನೇ ಅಂಗಡಿ ಮಾಡಿಕೊಂಡು ಕೆ.ಆರ್.ಪೇಟೆಯ ಸಂತೆಗೆ ಪಾತ್ರೆ ಪಡಗ ಒಯ್ಯುವವನ ಮೇಲೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ವೈರಮುಡಿ ನಡೆಯುವಾಗ ಬಳೆ, ಆಟಿಕೆ, ಕಡ್ಲೆಪುರಿ ತುಂಬಿಕೊಂಡು ಬರುವವನ ಮೇಲೆ. ನಾಗಮಂಗಲದ ವೆಲ್ಡಿಂಗ್ ಶೆಡ್ಡಿನಲ್ಲಿ ಇವರಿಗೆ ಚೌಕಟ್ಟು ಮಾಡಿಕೊಡುವ ಕುಶಲಕರ್ಮಿಗೂ ಇದರ ಬಿಸಿ ತಪ್ಪಿದ್ದಲ್ಲ. ಇವರೂ ವಾಹನ ಮಾರ್ಪಡಿಸಿದವರೇ. ಜಟ್ಟಿ ಕಾರಿನವನು ಷೋಕಿಗೆ ಮಾಡಿದ್ದನ್ನು ಇವರು ಹೊಟ್ಟೆಪಾಡಿಗೆ ಮಾಡಿದ್ದಾರೆ. ಕಾಯಿದೆಯ ಕಣ್ಣಿಗೆ ಇಬ್ಬರೂ ಒಂದೇ, ದಂಡವೂ ಒಂದೇ.

ನಮ್ಮ ವರ್ತಕ ಮಿತ್ರರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಹಾಕಿ ನೋಡೋಣ. ಹಳೆಯ ಗೂಡ್ಸ್ ಆಟೋ ಒಂದರ ಬೆಲೆ ಒಂದೂಕಾಲು ಲಕ್ಷವೆಂದು ಹಿಡಿಯಿರಿ. ಐದು ಸಾವಿರವೆಂದರೆ ಅದರ ಇಪ್ಪತ್ತೈದನೆಯ ಒಂದು ಪಾಲು. ಇದೇ ದರದಲ್ಲಿ ಮಸ್ಟಾಂಗಿಗೆ ದಂಡ ಹಾಕಿದರೆ ಎರಡು ಲಕ್ಷ ಅರವತ್ತು ಸಾವಿರ ರೂಪಾಯಿ ಆಗುತ್ತದೆ. ಮಸ್ಟಾಂಗಿನ ದರವನ್ನೇ ಆಟೋದವನಿಗೂ ಕೊಟ್ಟರೆ ಅವನ ದಂಡ ನೂರು ರೂಪಾಯಿಗೂ ಕಡಿಮೆ. ದಿನಕ್ಕೆ 500 ರೂಪಾಯಿ ಕೂಲಿಯ ಗಿರಣಿ ಕೆಲಸಗಾರ ಭಾನುವಾರ ಹೀಗೊಂದು ಗಾಡಿ ಇಟ್ಟುಕೊಂಡು ನಾಲ್ಕು ಕಾಸು ಸಂಪಾದಿಸಹೊರಟರೆ, ಒಂದು ಚಪ್ಪರಕ್ಕೆ ಹತ್ತು ದಿನದ ಕೂಲಿ ಹೋಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಸುಳ್ಳಲ್ಲ.

ಕಾರನ್ನೇ ನಾವು ದ್ವೇಷಿಸುತ್ತೇವೆಂದು ಯಾರೂ ತಿಳಿಯಬಾರದು. ಅದು ಯಂತ್ರ, ಕೈಗಳ ದುಡಿಮೆಯಿಂದ ಆದದ್ದು. ಅದನ್ನು ಜೋಡಿಸುವವರು 1941ರಲ್ಲಿ ಮುಷ್ಕರ ಹೂಡಿ ಫೋರ್ಡ್ ಕಂಪನಿಯಿಂದ ಸಂಘಕ್ಕೆ ಮಾನ್ಯತೆ ಪಡೆದ ಕಾರ್ಮಿಕರ ವಾರಸುದಾರರು. ಅದೇ ಕಂಪನಿ 2021ರ ಸೆಪ್ಟೆಂಬರಿನಲ್ಲಿ ಇಂಡಿಯಾದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಸಾರಿದಾಗ ಬೀದಿಯ ಕಡೆ ನೋಡಬೇಕಾಗಿ ಬಂದವರು ಇಲ್ಲಿಯ ಸುಮಾರು ನಾಲ್ಕು ಸಾವಿರ ಕೆಲಸಗಾರರು. ನಮ್ಮ ತಕರಾರು ಯಂತ್ರದ ಮೇಲಲ್ಲ, ತಕ್ಕಡಿಯ ಮೇಲೆ.

ಬಡವನ ಗಾಡಿ ಎಂದಮಾತ್ರಕ್ಕೆ ಎಲ್ಲವೂ ಸರಿಯೆಂದೂ ನಾವು ವಾದಿಸುವುದಿಲ್ಲ. ಹಿಂದೆ ಕೆಂಪು ದೀಪವಿಲ್ಲದೆ ರಾತ್ರಿ ರಸ್ತೆಗಿಳಿಯುವ ಕಬ್ಬಿನ ಟ್ರೇಲರು ಯಾರದಾದರೂ ಯಮನ ಗಾಡಿಯೇ. ಪ್ರಾಣಕ್ಕೆ ಅಪಾಯ ತರುವ ಮಾರ್ಪಾಟನ್ನು ತಡೆಯಲೇಬೇಕು. ಆದರೆ ಅಪಾಯವನ್ನು ಅಳೆಯುವಾಗ ವೇಗವನ್ನೂ ಅಳೆಯಬೇಕಲ್ಲವೇ? 2023ರ ಮಾರ್ಚ್ 12ರಂದು ನಮ್ಮ ಜಿಲ್ಲೆಯ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆಯಾಯಿತು. ಆ ವರ್ಷ ಅದರ ಮೇಲೆ ನೂರಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟರು. ನಿಧಾನದ ಗಾಡಿಗೂ ವೇಗದ ಗಾಡಿಗೂ ಒಂದೇ ದಾರಿ ಅಪಾಯವೆಂದರು, ಒಪ್ಪೋಣ. ಆದರೆ ಗಂಟೆಗೆ 250 ಕಿಲೋಮೀಟರು ಓಡಬಲ್ಲ ಕಾರಿಗೆ ಮತ್ತಷ್ಟು ಬಲ ತುಂಬಿಸಿ, 100ರ ಮಿತಿಯ ರಸ್ತೆಗೆ ತರುವವನ ಪಾಲಿನ ಕಟ್ಟುಪಾಡು ಯಾವುದು? ಸಿಕ್ಕಿಬಿದ್ದರೆ ಅದೇ ಐದು ಸಾವಿರ.

ಬೆಲೆಗೆ ತಕ್ಕ ದಂಡ ಎಂದರೆ ಹುಚ್ಚು ಮಾತು ಎನ್ನುವವರಿದ್ದಾರೆ. ಅವರು ನಮ್ಮ ಸರ್ಕಾರದ ತೆರಿಗೆ ಪಟ್ಟಿಯನ್ನೇ ನೋಡಲಿ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ಐದು ಲಕ್ಷದವರೆಗಿನ ಪೆಟ್ರೋಲು ಕಾರಿಗೆ ನೂರಕ್ಕೆ 13, ಇಪ್ಪತ್ತು ಲಕ್ಷ ಮೀರಿದ್ದಕ್ಕೆ ನೂರಕ್ಕೆ 18. ತೆರಿಗೆ ಎತ್ತುವಾಗ ಬೆಲೆ ನೋಡುವ ಸರ್ಕಾರಕ್ಕೆ ದಂಡ ಹಾಕುವಾಗ ಮಾತ್ರ ಬೆಲೆ ಕಾಣದೇ? ಈ ತೆರಿಗೆಯನ್ನೂ ತಪ್ಪಿಸಲು ಹೊರ ರಾಜ್ಯದಲ್ಲಿ ನೋಂದಣಿ ಮಾಡಿಸಿ ಇಲ್ಲಿ ಓಡಿಸುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ಒಂದೇ ಸಲಕ್ಕೆ ಇಂಥ ಮೂವತ್ತು ಐಷಾರಾಮಿ ಕಾರುಗಳನ್ನು ಹಿಡಿದರು. ಹೊರದೇಶದ ಮಾತು ಬೇಕೆಂದರೆ ಫಿನ್ಲೆಂಡನ್ನು ನೋಡಿ. ಅಲ್ಲಿ 1921ರಿಂದಲೂ ತಪ್ಪಿತಸ್ಥನ ದಿನದ ಆದಾಯಕ್ಕೆ ತಕ್ಕಂತೆ ದಂಡ ವಿಧಿಸುವ ಪದ್ಧತಿಯಿದೆ. 2023ರಲ್ಲಿ, 50ರ ಮಿತಿಯ ರಸ್ತೆಯಲ್ಲಿ 82ರ ವೇಗದಲ್ಲಿ ಹೋದ ಶ್ರೀಮಂತನೊಬ್ಬ ಒಂದು ಲಕ್ಷ ಇಪ್ಪತ್ತೊಂದು ಸಾವಿರ ಯೂರೋ ತೆತ್ತ. ನಮ್ಮ ಹಣದಲ್ಲಿ ಸುಮಾರು ಒಂದು ಕೋಟಿ ರೂಪಾಯಿ. ಆ ದೇಶವೇನೂ ಮುಳುಗಿಹೋಗಲಿಲ್ಲ.

ಇದು ದೆಹಲಿಯ ಕಾಯಿದೆ, ನಮ್ಮ ಕೈಯಲ್ಲೇನಿದೆ ಎಂದು ರಾಜ್ಯದ ಮಂತ್ರಿಗಳು ಕೈಚೆಲ್ಲಬಾರದು. ಕೋರ್ಟಿಗೆ ಹೋಗದೆ ದಂಡ ಕಟ್ಟಿ ಮುಗಿಸುವ ಮೊತ್ತವನ್ನು ಗೊತ್ತುಪಡಿಸುವ ಅಧಿಕಾರವನ್ನು ಅದೇ ಕಾಯಿದೆಯ 200ನೆಯ ಪ್ರಕರಣ ರಾಜ್ಯಕ್ಕೆ ಕೊಟ್ಟಿದೆ. 2019ರ ಸೆಪ್ಟೆಂಬರಿನಲ್ಲಿ ಜನ ಗದ್ದಲವೆಬ್ಬಿಸಿದಾಗ ಕರ್ನಾಟಕ ಸರ್ಕಾರ ಇದೇ ಅಧಿಕಾರದಿಂದ ಹಲವು ದಂಡಗಳನ್ನು ಇಳಿಸಿತು. ಅಂದು ಆದದ್ದು ಇಂದೇಕೆ ಆಗದು?

ನಮ್ಮ ಬೇಡಿಕೆಗಳು ಮೂರೇ. ಹೊಟ್ಟೆಪಾಡಿನ ಸಣ್ಣ ಗಾಡಿಗಳ ಮಾರ್ಪಾಟಿಗೆ ದಂಡವನ್ನು ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸಿ ಕೂಡಲೆ ಇಳಿಸಲಿ. ಚಪ್ಪರ, ಕಪಾಟು, ಒಲೆ ಕೂರಿಸುವ ಸುರಕ್ಷಿತ ನಮೂನೆಗಳನ್ನು ಸಿದ್ಧಪಡಿಸಿ, ಮಂಡ್ಯ ಮತ್ತು ನಾಗಮಂಗಲದ ಸಾರಿಗೆ ಕಚೇರಿಗಳಲ್ಲಿ ಸಣ್ಣ ಶುಲ್ಕಕ್ಕೆ, ದಲ್ಲಾಳಿಯ ಕಾಟವಿಲ್ಲದೆ ಅನುಮತಿ ಸಿಗುವಂತೆ ಮಾಡಲಿ. ಷೋಕಿಯ ಮಾರ್ಪಾಟಿಗೆ ವಾಹನದ ಬೆಲೆಯ ಮೇಲೆ ನೂರಕ್ಕಿಷ್ಟು ಎಂದು ದಂಡ ನಿಗದಿಯಾಗುವಂತೆ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ತರಲು ನಮ್ಮ ಸಂಸತ್ ಸದಸ್ಯರು ಬಾಯಿ ಬಿಡಲಿ.

ಗಿರಣಿಯ ಸಂಗಾತಿಗಳೂ ಪೇಟೆಯ ವರ್ತಕರೂ ಇದು ತಮಗೆ ಸೇರಿದ ಮಾತೇ ಅಲ್ಲವೇ ಎಂದು ಯೋಚಿಸಬೇಕು. ಮುಂದಿನ ಸಲ ಯಾರಾದರೂ ಓಟು ಕೇಳಲು ಬಾಗಿಲಿಗೆ ಬಂದರೆ, ಐದು ಸಾವಿರ ರೂಪಾಯಿ ಯಾರಿಗೆ ಎಷ್ಟು ಭಾರವೆಂದು ಅವರನ್ನು ಕೇಳಿರಿ. ಉತ್ತರ ಕೊಡದವರಿಗೆ ಓಟೂ ಬೇಡ.