ಒಂದೂವರೆ ತಿಂಗಳ ಸೂಜಿಯ ದಿನ

ಗುರುವಾರ ಬಂತೆಂದರೆ ನಮ್ಮ ಉಪಕೇಂದ್ರದ ಜಗುಲಿಯ ತುಂಬ ಕೂಸುಗಳ ಅಳು. ಹುಣಸೂರು ಕಡೆಯ ಹಳ್ಳಿಯೊಂದರಲ್ಲಿ ನಾನು 31 ವರ್ಷ ಕೆಲಸ ಮಾಡಿದೆ. ಕಿರಿಯ ಆರೋಗ್ಯ ಸಹಾಯಕಿ ಎನ್ನುವುದು ಸಂಬಳದ ಚೀಟಿಯಲ್ಲಿದ್ದ ಹೆಸರು. ಊರಿನವರಿಗೆ ನಾನು ನರ್ಸಮ್ಮ. ಒಂದೂವರೆ ತಿಂಗಳ ಸೂಜಿಗೆ ಬಂದ ಕೂಸಿನ ತೂಕ ನೋಡುತ್ತಿದ್ದೆ, ಬಾಯಿಗೆ ಪೋಲಿಯೊ ಹನಿ ಬಿಡುತ್ತಿದ್ದೆ, ತೊಡೆಗೆ ಸೂಜಿ ಹಾಕುತ್ತಿದ್ದೆ, ರಾತ್ರಿ ಮೈ ಬಿಸಿಯಾದರೆ ಹೆದರಬೇಡಿ ಎನ್ನುತ್ತಿದ್ದೆ. ಕೂಸನ್ನು ಎತ್ತಿಕೊಂಡು ಬಂದವಳನ್ನು ಕೇಳುತ್ತಿದ್ದದ್ದು ಒಂದೇ ಮಾತು: "ಹಾಲು ಸಾಕಾಗ್ತದೇನವ್ವ?" ಅದೂ ಕೂಸಿನ ವಿಚಾರವೇ.

ಈ ಲೆಕ್ಕ ತಪ್ಪು ಎಂದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ, ನನ್ನ ಮಗಳ ಬಾಣಂತನದಲ್ಲಿ.

ಅವಳಿಗೆ ಮೊದಲ ತಪಾಸಣೆಯಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ಆರು ತಿಂಗಳು ತುಂಬಿದಾಗ ಮತ್ತೆ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡಿದರೆ 168. ಅದು 140 ಮುಟ್ಟಿದರೇ ಗರ್ಭಾವಸ್ಥೆಯ ಮಧುಮೇಹ. "ನಮ್ಮ ವಂಶದಲ್ಲಿ ಯಾರಿಗೂ ಶುಗರ್ ಇಲ್ಲ" ಎಂದರು ಬೀಗಿತ್ತಿ. ಯಾರಿಗೂ ಇಲ್ಲ ಎಂದರೆ ಯಾರೂ ನೋಡಿಸಿಕೊಂಡಿಲ್ಲ ಎಂದರ್ಥ, ನಾನು ಕಂಡಂತೆ. ದಿನ ತುಂಬುತ್ತ ಬಂದ ಹಾಗೆ ಮಾಸು ಸುರಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತವೆ. ಕೆಲವರ ಮೇದೋಜೀರಕ ಗ್ರಂಥಿ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಹೆಚ್ಚಿಸಿಕೊಳ್ಳುತ್ತದೆ, ಕೆಲವರದು ಸೋಲುತ್ತದೆ. ಅದಕ್ಕೇ 24ರಿಂದ 28ನೇ ವಾರದೊಳಗೆ ಎರಡನೇ ಸಲ ನೋಡುವುದು.

ಈ ಪರೀಕ್ಷೆ ನಮ್ಮಂಥ ಹಳ್ಳಿಗಳಿಗೆ ದಕ್ಕುವಂತಾದದ್ದರಲ್ಲಿ ಚೆನ್ನೈನ ಡಾ. ವಿ. ಶೇಷಯ್ಯ ಅವರ ಪಾಲು ದೊಡ್ಡದು. 75 ಗ್ರಾಂ ಗ್ಲೂಕೋಸು, 300 ಮಿ.ಲೀ. ನೀರು, ಎರಡು ಗಂಟೆ ಕಾಯುವುದು, ಒಂದೇ ಸಲ ರಕ್ತ. ಹೊಟ್ಟೆ ಖಾಲಿಯಿರಲಿ, ಉಂಡು ಬಂದಿರಲಿ, ನಡೆಯುತ್ತದೆ. ಹತ್ತು ಮೈಲಿಯಿಂದ ಬಸ್ಸು ಹಿಡಿದು ಬರುವ ಬಸುರಿಗೆ "ನಾಳೆ ಏನೂ ತಿನ್ನದೆ ಬಾ" ಎಂದರೆ ಅವಳು ನಾಳೆ ಬರುವುದಿಲ್ಲ. ಅದನ್ನು ಅರಿತು ಮಾಡಿದ ಪರೀಕ್ಷೆ ಇದು. ಅವರು ಹುಟ್ಟಿದ ಮಾರ್ಚ್ 10ನ್ನು ಈ ಕಾಯಿಲೆಯ ಜಾಗೃತಿ ದಿನವೆಂದು ದೇಶದಲ್ಲಿ ಆಚರಿಸುತ್ತಾರೆ.

ಮಗಳು ಅನ್ನ ಕಡಿಮೆ ಮಾಡಿ, ಅರ್ಧ ಮುದ್ದೆ, ಕಾಳು, ಸೊಪ್ಪು ಎಂದು ಸಾಗಿಸಿದಳು. ಉಂಡ ಮೇಲೆ ಅಂಗಳದಲ್ಲಿ ನಡೆದಳು. ಸೀಮಂತದ ದಿನ ಚಿರೋಟಿ ಬೇಡವೆಂದದ್ದಕ್ಕೆ ಅವಳ ಸೋದರತ್ತೆ "ಬಸುರಿ ಹೆಂಗಸಿನ ಬಾಯಿ ಕಟ್ತೀಯಲ್ಲೇ" ಎಂದು ನನ್ನ ಮೇಲೆಯೇ ಹರಿಹಾಯ್ದಳು. ಅದು ಹೋಗಲಿ. ನನಗೆ ಚುಚ್ಚಿದ್ದು ಇನ್ನೊಂದು. ಆ ಮೂರು ತಿಂಗಳಲ್ಲಿ ಮಗಳಿಗೆ ಎರಡು ಸಲ ಉರಿಮೂತ್ರ ಬಂತು. ರಕ್ತದಲ್ಲಿ ಸಕ್ಕರೆ ಏರಿದಾಗ ಸೋಂಕಿನ ಮೇಲೆ ಮೊದಲು ಬೀಳಬೇಕಾದ ಬಿಳಿ ರಕ್ತಕಣಗಳು ಮಂಕಾಗುತ್ತವೆ; ಹೋಗಿ ಹಿಡಿಯುವುದೂ ನಿಧಾನ, ನುಂಗಿ ಕೊಲ್ಲುವುದೂ ನಿಧಾನ. ಮೂತ್ರದ ಸೋಂಕು, ಕೆಳಗಿನ ನವೆ, ಸಿಸೇರಿಯನ್ ಆದರೆ ಹೊಲಿಗೆಯ ಕೀವು, ಎಲ್ಲಕ್ಕೂ ದಾರಿ ಸಲೀಸು. ಹಾಗಾದರೆ ನನ್ನ ಉಪಕೇಂದ್ರಕ್ಕೆ ಉರಿಮೂತ್ರವೆಂದು ಬಂದ ಬಸುರಿಯರೆಷ್ಟು ಮಂದಿ! ಆರಂಭದ ವರ್ಷಗಳಲ್ಲಿ ನಾನು ಅವರಿಗೆ ಬಾರ್ಲಿ ನೀರು ಕುಡಿಯಿರೆಂದು ಹೇಳಿ ಕಳಿಸಿದ್ದೇನೆ. ಸಕ್ಕರೆ ನೋಡಿಸಬೇಕೆಂದು ಹೊಳೆದಿರಲಿಲ್ಲ. ಅವರ ಮುಖಗಳು ಈಗ ನೆನಪಾಗುತ್ತವೆ.

ಮೊಮ್ಮಗ ಹುಟ್ಟಿದಾಗ 3 ಕೆ.ಜಿ. 700 ಗ್ರಾಂ. ಕಂಡವರೆಲ್ಲ "ಎಷ್ಟು ದುಂಡಗಿದಾನೆ" ಎಂದರು. ಆ ದುಂಡುತನಕ್ಕೆ ಕಾರಣವಿದೆ. ತಾಯಿಯ ಸಕ್ಕರೆ ಮಾಸನ್ನು ದಾಟುತ್ತದೆ, ಇನ್ಸುಲಿನ್ ದಾಟುವುದಿಲ್ಲ. ಒಳಗಿನ ಕೂಸು ತಾನೇ ಇನ್ಸುಲಿನ್ ಹೆಚ್ಚಿಸಿಕೊಂಡು, ಬಂದ ಸಕ್ಕರೆಯನ್ನು ಕೊಬ್ಬು ಮಾಡಿಟ್ಟುಕೊಳ್ಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ಸಕ್ಕರೆ ನಿಂತಿತು, ಇನ್ಸುಲಿನ್ ಮಾತ್ರ ಉಳಿಯಿತು. ಹಿಮ್ಮಡಿ ಚುಚ್ಚಿ ನೋಡಿದರೆ 38. ಕೂಸನ್ನು ಬಿಸಿ ದೀಪದ ಕೆಳಗೆ ಒಯ್ದರು, ನನ್ನ ಅಳಿಯನ ಕೈಗೆ ಹಾಲಿನ ಪುಡಿ ಡಬ್ಬದ ಚೀಟಿ ಕೊಟ್ಟರು. ತಾಯಿ ಒಂದು ಮಹಡಿಯಲ್ಲಿ, ಕೂಸು ಇನ್ನೊಂದರಲ್ಲಿ.

ನಾನು ಮಗಳ ಪಕ್ಕ ಕೂತು ಎದೆ ಒತ್ತಿ ಹಾಲು ತೆಗೆದೆ. ಸಕ್ಕರೆ ಇರುವ ತಾಯಂದಿರಲ್ಲಿ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು, ಆದರೆ ಗಿಣ್ಣುಹಾಲು ಇದ್ದೇ ಇರುತ್ತದೆ. ಸಿಕ್ಕಿದ್ದು ಒಂದು ಚಮಚೆ ಇರಬೇಕು, ಅರಿಸಿನದ ಬಣ್ಣ, ಅಂಟು. ಮನೆಯಿಂದ ತಂದಿದ್ದ ಬೆಳ್ಳಿ ಒಳಲೆಯನ್ನು ಕುದಿಸಿ ಅದರಲ್ಲಿಟ್ಟುಕೊಂಡು ಮೇಲಿನ ಮಹಡಿಗೆ ಹೋದೆ. "ಇದನ್ನು ಮೊದಲು ಕುಡಿಸೋಣ, ಗಂಟೆ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಡ್ರಿಪ್ ಹಾಕಿ" ಎಂದೆ. ಚಿಕ್ಕ ವಯಸ್ಸಿನ ಡಾಕ್ಟರು ನನ್ನನ್ನೊಮ್ಮೆ, ಒಳಲೆಯನ್ನೊಮ್ಮೆ ನೋಡಿ ಒಪ್ಪಿದರು. ಗಂಟೆ ಬಿಟ್ಟು 52. ಆ ಡಬ್ಬ ಒಡೆಯಲಿಲ್ಲ. ಕೂಸಿನ ಸ್ಥಿತಿ ಕೇಳಿದರೆ ಡಬ್ಬ ಒಡೆಯಬೇಕಾಗಿ ಬರುವುದೂ ಉಂಟು, ಅದಕ್ಕೆ ನನ್ನ ತಕರಾರಿಲ್ಲ. ಮೊದಲ ಚೀಟಿಯೇ ಡಬ್ಬದ್ದಾಗಬಾರದು.

ಏಕೆಂದರೆ ಇದು ಬರೀ ಹೊಟ್ಟೆಯ ವಿಚಾರವಲ್ಲ. ತಾಯಿಯ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ಹರಿಯುವುದು ಹೆಚ್ಚಾಗಿ ಕೊನೆಯ ವಾರಗಳಲ್ಲಿ. ಸಕ್ಕರೆ ಹಿಡಿತ ತಪ್ಪಿ ಹೆರಿಗೆ ಬೇಗ ಮಾಡಿಸಬೇಕಾಗಿ ಬಂದರೆ ಆ ಬುತ್ತಿ ಅರ್ಧಕ್ಕೇ ಕಟ್ಟಿದಂತೆ. ಉಳಿದದ್ದನ್ನು ತುಂಬಿಕೊಡುವುದು ಗಿಣ್ಣುಹಾಲು. ಅದರಲ್ಲಿರುವ ಪ್ರತಿಕಾಯಗಳು ಕೂಸಿನ ಕರುಳಿಗೆ ಒಳಗೋಡೆ ಬಳಿದಂತೆ ಕೂರುತ್ತವೆ. ಸಕ್ಕರೆ ಹೆಚ್ಚಿರುವ ತಾಯಂದಿರ ಗಿಣ್ಣುಹಾಲಿನಲ್ಲಿ ಈ ಅಂಶ ಕಡಿಮೆ ಕಂಡಿದೆ ಎಂದು ಬ್ರೆಜಿಲ್‌ನ ಸಂಶೋಧಕರು ಬರೆದಿದ್ದಾರೆ. ಹಾಗೆಂದು ಅದನ್ನು ಚೆಲ್ಲುವುದಲ್ಲ. ಬಸುರಿನಲ್ಲೇ ಸಕ್ಕರೆ ಹಿಡಿತಕ್ಕೆ ತಂದು, ಇರುವ ಪ್ರತಿ ತೊಟ್ಟನ್ನೂ ಕುಡಿಸುವುದು. ನಮ್ಮೂರಲ್ಲಿ ಹಸು ಕರು ಹಾಕಿದರೆ ಗಿಣ್ಣಿಗೆ ನೆಂಟರಿಷ್ಟರು ಪಾತ್ರೆ ಹಿಡಿದು ಬರುತ್ತಾರೆ. ತಾಯಿಯ ಗಿಣ್ಣನ್ನು ಹಿಂಡಿ ಚೆಲ್ಲಿ, ಕೂಸಿನ ನಾಲಿಗೆಗೆ ಜೇನುತುಪ್ಪ ಸವರಿದ ಮನೆಗಳನ್ನೂ ಕಂಡಿದ್ದೇನೆ.

ಹೆರಿಗೆಯಾಯಿತು, ಸಕ್ಕರೆ ಇಳಿಯಿತು, ಮನೆಗೆ ಕಳಿಸಿದರು. ಅಲ್ಲಿಗೆ ಎಲ್ಲರೂ ಅವಳನ್ನು ಮರೆತರು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ, ಎಂದರೆ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿ ಮುಂದೆ ವರ್ಷಗಟ್ಟಲೆ ಅವರನ್ನೂ ಮಕ್ಕಳನ್ನೂ ಹಿಂಬಾಲಿಸಿದ ಅಧ್ಯಯನವಿದೆ. ಅಂದು ಸಕ್ಕರೆ ಕಂಡಿದ್ದ ತಾಯಂದಿರಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಐದೇ ವರ್ಷದಲ್ಲಿ ಪೂರ್ತಿ ಮಧುಮೇಹಿಗಳಾಗಿದ್ದರು. ಅವರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಹೆಚ್ಚಾಗಿ ಕಂಡವು. ಆ ಹುಡುಗಿಯರೇ ನಾಳೆ ಬಸುರಿಯರು. ದೂರದ ದೇಶದ ಲೆಕ್ಕವಲ್ಲ ಇದು. ಹುಣಸೂರಿನಿಂದ ಒಂದು ಬಸ್ಸಿನ ದಾರಿ.

ಹೆರಿಗೆಯಾದ ಆರು ವಾರಕ್ಕೆ ತಾಯಿಗೆ ಮತ್ತೆ ಗ್ಲೂಕೋಸ್ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಆರು ವಾರದ ಬಾಣಂತಿ ತನಗಾಗಿ ಹೊಸ್ತಿಲು ದಾಟುವಳೇ? ತಲೆಗೆ ಬಟ್ಟೆ ಕಟ್ಟಿ ಕತ್ತಲೆ ಕೋಣೆಯಲ್ಲಿರಿಸಿದವಳು, ಬೆಲ್ಲ ಕೊಬ್ಬರಿಯ ಅಂಟಿನುಂಡೆ ದಿನಕ್ಕೆರಡು ತಿನ್ನುತ್ತಿರುವವಳು ಅವಳು. ಕೂಸಿಗಾಗಿಯಾದರೆ ದಾಟುತ್ತಾಳೆ. ಒಂದೂವರೆ ತಿಂಗಳ ಸೂಜಿ ಎಂದರೆ ಆರು ವಾರವೇ ಅಲ್ಲವೇ? ಅದೇ ಜಗುಲಿ, ಅದೇ ಗುರುವಾರ, ಅದೇ ಬಸ್ಸು. ಕೂಸಿಗೆ ಸೂಜಿ ಹಾಕಿದ ಮೇಲೆ ಹೇಗೂ ಅರ್ಧ ಗಂಟೆ ಕೂರಿಸುತ್ತೇವೆ. ಇನ್ನು ಒಂದೂವರೆ ಗಂಟೆ ಕೂರಿಸಿ. ಬಸುರಿನಲ್ಲಿ ಸಕ್ಕರೆ ಇದ್ದವಳ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗುರುತು, ಹಿಂದಿನ ದಿನ ಆಶಾ ಕಾರ್ಯಕರ್ತೆಯಿಂದ "ಬೆಳಗ್ಗೆ ಬೇಗ ಬಾ, ತಿಂಡಿ ಆಮೇಲೆ ಮಾಡುವೆಯಂತೆ" ಎಂದೊಂದು ಮಾತು, ಒಂದು ಗ್ಲೂಕೋಸ್ ಪೊಟ್ಟಣ. ಹೊಸ ಕಟ್ಟಡ ಬೇಡ, ಹೊಸ ಯೋಜನೆಗೆ ಹೊಸ ಹೆಸರೂ ಬೇಡ. ಈಗಾಗಲೇ ಕೈತುಂಬ ಕೆಲಸವಿರುವ ನರ್ಸಮ್ಮಂದಿರಿಗೆ ಇನ್ನೊಂದು ಹೊರೆ ಎನ್ನುವವರಿಗೆ, ಹೌದು, ಹೊರೆಯೇ. ಆ ದಿನ ಒಂದು ರಿಜಿಸ್ಟರ್ ಕಡಿಮೆ ಮಾಡಿ ಎನ್ನುತ್ತೇನೆ.

ಮಗಳನ್ನು ಅವಳ ಮಗನ ಸೂಜಿಗೆ ಕರೆದೊಯ್ದ ದಿನ ಅಲ್ಲಿ ಯಾರೂ ಅವಳ ಸಕ್ಕರೆಯ ಮಾತೆತ್ತಲಿಲ್ಲ. ಗ್ಲೂಕೋಸ್ ಪೊಟ್ಟಣ ನನ್ನ ಚೀಲದಲ್ಲೇ ಇತ್ತು. ಅತ್ತು ಸುಸ್ತಾದ ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು, ಅವಳು ಮೂಗು ಮುರಿಯುತ್ತ ಲೋಟ ಖಾಲಿ ಮಾಡಿದಳು. ಎರಡು ಗಂಟೆ ಬಿಟ್ಟು 151. ಕಾಯಿಲೆಯೆನ್ನಲು 200 ಆಗಬೇಕು, ಇಲ್ಲವೆನ್ನಲು 140ರ ಒಳಗಿರಬೇಕು. ಕಾರ್ಡಿನಲ್ಲಿ ಎಲ್ಲಿ ಬರೆಯಲಿ ಎಂದು ಅಲ್ಲಿದ್ದ ಹುಡುಗಿ ಕೇಳಿದಳು. ಕೂಸಿನ ತೂಕ ಬರೆದಿದ್ದ ಸಾಲಿನ ಪಕ್ಕದಲ್ಲೇ ಬರೆಸಿದೆ.