‘ಆಗಾಗ’ ಎಂಬ ದೋಷಕ್ಕೆ ಅರ್ಜಿಯಲ್ಲಿ ಜಾಗವಿಲ್ಲ

ವಾಹನ ತಪಾಸಣೆಯ ವಿಷಯ ಎತ್ತಿದೊಡನೆ ಲಂಚದ ಕಥೆ ಹೇಳಹೊರಟಿದ್ದೇನೆಂದು ಓದುಗರು ಭಾವಿಸುವುದು ಸಹಜ. ಅದನ್ನು ಕುರಿತು ಬರೆಯುವವರು ಬೇಕಾದಷ್ಟಿದ್ದಾರೆ. ನನ್ನ ತಕರಾರು ಪ್ರಾಮಾಣಿಕ ತಪಾಸಣೆಯನ್ನು ಕುರಿತದ್ದು. ಪರೀಕ್ಷಿಸುವ ಅಧಿಕಾರಿ ಸಾಕ್ಷಾತ್ ಹರಿಶ್ಚಂದ್ರನೇ ಆಗಿರಲಿ; ಒಂದು ದಿನ, ಹತ್ತು ನಿಮಿಷ, ತಣ್ಣಗಿರುವ ಎಂಜಿನ್ನಿನ ಮುಂದೆ ನಿಂತು ನೋಡುವ ಈ ಪದ್ಧತಿಗೆ, ಆಗಾಗ ಬಂದು ಆಗಾಗ ಮರೆಯಾಗುವ ದೋಷ ಕಾಣುವುದೇ ಇಲ್ಲ. ಕಾಣದ್ದನ್ನು ಇಲ್ಲವೆಂದು ಬರೆದು ಮೊಹರು ಒತ್ತುವುದೇ ನಮ್ಮ ಸುರಕ್ಷತಾ ವ್ಯವಸ್ಥೆಯ ತಿರುಳಾಗಿದೆ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನಂತೆ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಅನಂತರ ವಾಹನವನ್ನು ತೋರಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಂಗ್ಲೆಂಡಿನಲ್ಲಿ ಮೂರು ವರ್ಷ ಕಳೆದ ಕಾರು ಪ್ರತಿವರ್ಷ ಪರೀಕ್ಷೆಗೆ ನಿಲ್ಲಬೇಕು. ಜಪಾನಿನಲ್ಲಿ ಮೊದಲ ಮೂರು ವರ್ಷದ ಮೇಲೆ ಎರಡು ವರ್ಷಕ್ಕೊಮ್ಮೆ. ನಮ್ಮಲ್ಲಿ ಈ ನಡುವೆ ಕೇಳುವುದು ಹೊಗೆಯ ಪ್ರಮಾಣಪತ್ರವೊಂದನ್ನೇ. ಅದು ಹೊಗೆಕೊಳವೆಯನ್ನು ಮೂಸುತ್ತದೆ, ಬ್ರೇಕಿನ ಗೊಡವೆಗೆ ಹೋಗುವುದಿಲ್ಲ.

ಹೊರನಾಡ ಕನ್ನಡಿಗರಾದ ನಮಗೆ ಇನ್ನೊಂದು ಅನುಭವವುಂಟು. ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿಟ್ಟ ವಾಹನಕ್ಕೆ 47ನೆಯ ಕಲಮಿನನ್ವಯ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿನ ಜೀವಾವಧಿ ತೆರಿಗೆ, ಅಲ್ಲಿನ ತೆರಿಗೆಯ ಮರುಪಾವತಿಗೆ ಅಲೆದಾಟ. ಇಷ್ಟೆಲ್ಲ ಪ್ರದಕ್ಷಿಣೆಯಲ್ಲಿ ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜುವವರಿದ್ದಾರೆ, ತೆರಿಗೆಯನ್ನು ರೂಪಾಯಿ ಬಿಡದೆ ಗುಣಿಸುವವರಿದ್ದಾರೆ. ಬ್ರೇಕಿನ ಮೇಲೆ ಕಾಲಿಟ್ಟು ನೋಡುವವರನ್ನು ನಾನು ಕಂಡಿಲ್ಲ. 2021ರಲ್ಲಿ ಬಂದ ‘ಬಿ.ಎಚ್.’ ಶ್ರೇಣಿ ನನ್ನಂಥ ವರ್ಗಾವಣೆಯ ನೌಕರರಿಗೆ ದೊಡ್ಡ ಉಪಕಾರ, ನಿಜ. ಆದರೆ ಆ ಉಪಕಾರವೂ ತೆರಿಗೆಯ ಬಾಬತ್ತಿನದೇ.

ಮಣಿಕೊಂಡದಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ಕಾರು 2010ರದು. ಬೆಂಗಳೂರಿನಲ್ಲಿ ಕೊಂಡದ್ದು, ವರ್ಗಾವಣೆಯೊಂದಿಗೆ ಇಲ್ಲಿಗೆ ಬಂದು ಹೊಸ ಸಂಖ್ಯೆ ಧರಿಸಿದ್ದು. 2025ರಲ್ಲಿ ಅದರ 15 ವರ್ಷ ತುಂಬುವ ಹೊತ್ತಿಗೆ ಒಂದು ವಿಚಿತ್ರ ಕಾಯಿಲೆ ಹತ್ತಿತು. ಮನೆಯಿಂದ ಇಳಿಜಾರಿನಲ್ಲಿ ಇಳಿದು ನಾರ್ಸಿಂಗಿಯ ಬಳಿ ಹೊರ ವರ್ತುಲ ರಸ್ತೆ ಹಿಡಿದರೆ ಮುಕ್ಕಾಲು ಗಂಟೆಯವರೆಗೆ ಯಾವ ತೊಂದರೆಯೂ ಇಲ್ಲ. ಆಮೇಲೆ ಎಂದೋ ಒಂದು ದಿನ, ಓಡುತ್ತಿರುವಾಗಲೇ ಎಂಜಿನ್ ಸ್ತಬ್ಧ. ಎಂಜಿನ್ ನಿಂತರೆ ಸ್ಟೀರಿಂಗ್ ಕಲ್ಲಾಗುತ್ತದೆ. ಬ್ರೇಕಿಗೆ ನೆರವಾಗುವ ನಿರ್ವಾತ ಒಂದೆರಡು ಒತ್ತಿಗೆ ಮುಗಿದುಹೋಗುತ್ತದೆ. ಹಿಂದೆ ಬರುವ ಲಾರಿಗೆ ಇದೊಂದೂ ತಿಳಿಯದು. ಹತ್ತು ನಿಮಿಷ ಅಂಚಿನಲ್ಲಿ ನಿಲ್ಲಿಸಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಚಾಲೂ.

ಮೊದಲು ಹೋದ ಗ್ಯಾರೇಜಿನಲ್ಲಿ ನಾನು ‘ಆಗಾಗ’ ಅಂದುದನ್ನು ತೆಲುಗಿನಲ್ಲಿ ‘ಅಪ್ಪುಡಪ್ಪುಡು’ ಎಂದು ತಿಳಿಸಿದೆ. ಬರೆದುಕೊಂಡವರು ಇಂಗ್ಲಿಷಿನಲ್ಲಿ ‘ಸ್ಟಾರ್ಟಿಂಗ್ ಪ್ರಾಬ್ಲಮ್’ ಎಂದು ಬರೆದರು. ಮೂರು ಭಾಷೆ ದಾಟುವಷ್ಟರಲ್ಲಿ ಓಡುವಾಗ ನಿಲ್ಲುವ ದೋಷ ನಿಂತಾಗ ಓಡದ ದೋಷವಾಗಿತ್ತು! ಯಂತ್ರ ಜೋಡಿಸಿದಾಗ ವಾಹನದ ಸ್ಮೃತಿಯಲ್ಲಿ ಒಂದು ದೋಷಸಂಕೇತ ದಾಖಲಾಗಿತ್ತು. ಅದನ್ನು ಅಳಿಸಿ, ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಹಣ ಪಡೆದರು. ಇದ್ದ ಒಬ್ಬನೇ ಸಾಕ್ಷಿಯನ್ನು ಇಲ್ಲವಾಗಿಸಿ ಮೊಕದ್ದಮೆ ವಜಾ ಮಾಡಿದಂತೆ.

ತಪಾಸಣೆಯ ದಿನ ನಾನು ಈ ವಿಷಯವನ್ನು ಬಾಯಿಬಿಟ್ಟು ಹೇಳಿದೆ. ಬೆಳಗಿನ ಹತ್ತು ಗಂಟೆ. ಕಾರು ಆವರಣದಲ್ಲಿ ಇನ್ನೂರು ಮೀಟರ್ ಓಡಿತು, ದೀಪಗಳು ಬೆಳಗಿದವು, ಹಾರ್ನ್ ಕೂಗಿತು. “ಇಪ್ಪುಡು ಬಾಗಾನೇ ಉಂದಿ ಕದಾ ಸಾರ್” ಎಂದು ನಕ್ಕರು. ಈಗ ಚೆನ್ನಾಗಿಯೇ ಇದೆಯಲ್ಲ! ಆ ‘ಈಗ’ದ ಬಲದ ಮೇಲೆ ಐದು ವರ್ಷದ ಅರ್ಹತೆ ದೊರೆಯಿತು. ಪ್ರಮಾಣಪತ್ರ ಕೈಗೆ ಬಂದರೂ ಮೂಲ ತಿಳಿಯುವವರೆಗೆ ಆ ಕಾರನ್ನು ನಾನು ರಸ್ತೆಗಿಳಿಸಲಿಲ್ಲ. ಕೊನೆಗೆ ತಿಳಿದದ್ದು ದಖ್ಖನಿ ಮಾತಾಡುವ ಒಬ್ಬ ಹಿರಿಯ ಮೆಕ್ಯಾನಿಕ್‌ನಿಂದ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಗರಮ್ ಹುಯೇ ಬಾದ್‌ಇಚ್ ಕ್ಯಾ ಸಾಬ್?” ಮನೆಯಂಗಳದಲ್ಲೇ ಎಂಜಿನ್ನನ್ನು ಮುಕ್ಕಾಲು ಗಂಟೆ ಓಡಿಸಿ, ಕ್ರ್ಯಾಂಕ್ ಸೆನ್ಸರಿನ ಸುರುಳಿಯನ್ನು ಬಿಸಿಯಿರುವಾಗಲೇ ಮೀಟರಿನಿಂದ ಅಳೆದರು. ತಂಪಿನಲ್ಲಿ ಸರಿಯಿದ್ದ ತಂತಿ ಶಾಖಕ್ಕೆ ಹಿಗ್ಗಿ ಒಳಗೇ ಕಡಿದುಕೊಳ್ಳುತ್ತಿತ್ತು. ಸಂಸಾರ ಸಮೇತ ಹೋಟೆಲಿನಲ್ಲಿ ಒಂದು ಊಟ ಮಾಡಿದಷ್ಟು ಖರ್ಚಿನಲ್ಲಿ ಕಾಯಿಲೆ ವಾಸಿಯಾಯಿತು.

ಇದು ಒಬ್ಬನ ಹಳೆಯ ಕಾರಿನ ಗೋಳು ಎಂದು ತಳ್ಳಿಹಾಕುವವರು ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣವನ್ನು ನೆನೆಯಬೇಕು. ಆ ಸಂಸ್ಥೆಯ ಕೋಬಾಲ್ಟ್ ಮುಂತಾದ ಕಾರುಗಳಲ್ಲಿ ಕೀಲಿಯ ಸ್ವಿಚ್ಚು ಸಡಿಲವಾಗಿದ್ದು, ಓಡುವಾಗ ಒಮ್ಮೊಮ್ಮೆ ತಾನೇ ಜಾರುತ್ತಿತ್ತು. ಜಾರಿದರೆ ಎಂಜಿನ್ ಬಂದ್. ಅಪಘಾತವಾದರೆ ಗಾಳಿಚೀಲವೂ ತೆರೆಯದು. ಸಂಸ್ಥೆಯೊಳಗೆ ವರ್ಷಗಟ್ಟಲೆ ಅದನ್ನು ಸುರಕ್ಷತೆಯ ಪ್ರಶ್ನೆಯೆಂದಲ್ಲ, ಗ್ರಾಹಕರ ಅನನುಕೂಲವೆಂದು ವರ್ಗೀಕರಿಸಿದ್ದರು. ವಾಹನಗಳನ್ನು ಹಿಂದಕ್ಕೆ ಕರೆಯತೊಡಗಿದ್ದು 2014ರಲ್ಲಿ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ನಿಂತ ಜಾಗದಲ್ಲಿ ಆ ಕಾರುಗಳೂ ನಿರ್ದೋಷಿಗಳೇ.

2021ರ ನಿಯಮಗಳಂತೆ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳು ಬರುತ್ತಿವೆಯಲ್ಲ ಎನ್ನಬಹುದು. ಬರಲಿ. ಉರುಳೆಗಳ ಮೇಲೆ ಬ್ರೇಕಿನ ಬಲ ಅಳೆಯುವುದು ಕಣ್ಣಂದಾಜಿಗಿಂತ ಸಾವಿರಪಾಲು ಮೇಲು. ಆದರೆ ಯಂತ್ರ ನೋಡುವುದೂ ಆ ಕ್ಷಣವನ್ನೇ. ಇನ್ನು 2019ರ ತಿದ್ದುಪಡಿ ತಂದ 110-ಎ ಕಲಮು, ನಿಗದಿತ ಪ್ರಮಾಣದ ಮಾಲೀಕರು ದೂರಿದರೆ ಆ ಮಾದರಿಯ ವಾಹನಗಳನ್ನೇ ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಒಳ್ಳೆಯ ಕಲಮು. ಆದರೆ ಪ್ರತಿಯೊಂದು ಜಾಬ್ ಕಾರ್ಡಿನಲ್ಲೂ ‘ದೋಷ ಕಂಡುಬಂದಿಲ್ಲ’ ಎಂದಿರುವಾಗ ಯಾವ ಮಾಲೀಕ ಯಾವ ದಾಖಲೆ ಹಿಡಿದು ದೂರುತ್ತಾನೆ?

ವಾಹನವೇ ತನ್ನ ದಿನಚರಿ ಬರೆದುಕೊಳ್ಳುತ್ತಿರುವಾಗ ಅದನ್ನು ಓದದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. 2010ರಿಂದೀಚೆಗೆ ಬಿ.ಎಸ್.-4 ನಿಯಮಗಳೊಂದಿಗೆ ಈ ಸ್ಮೃತಿವ್ಯವಸ್ಥೆ ನಮ್ಮ ಕಾರುಗಳಿಗೂ ಬಂದಿದೆ. ಕ್ಯಾಲಿಫೋರ್ನಿಯಾದ ಹೊಗೆ ತಪಾಸಣೆಯಲ್ಲಿ, ಸ್ಮೃತಿಯನ್ನು ಆಗಷ್ಟೇ ಅಳಿಸಿ ತಂದ ಕಾರನ್ನು ಉತ್ತೀರ್ಣಗೊಳಿಸುವುದಿಲ್ಲ. ಕೆಲವು ದಿನ ಓಡಿಸಿ ತನ್ನಿರೆಂದು ಹಿಂದಕ್ಕೆ ಕಳಿಸುತ್ತಾರೆ. ನಮ್ಮ ಸಾರಿಗೆ ಇಲಾಖೆಗಳು ನವೀಕರಣಕ್ಕೆ ಇದೊಂದನ್ನು ಕಡ್ಡಾಯಗೊಳಿಸಲಿ. ಅರ್ಜಿಯಲ್ಲಿ ಮಾಲೀಕನು ಕಂಡ ದೋಷಗಳಿಗೆ ಒಂದು ಕಾಲಂ ಇರಲಿ, ಅಲ್ಲಿ ಬರೆದದ್ದಕ್ಕೆ ಅಧಿಕಾರಿ ಲಿಖಿತ ಉತ್ತರ ಕೊಡಲಿ.

ಅಲ್ಲಿಯವರೆಗೆ ಸಂಘದ ಕಾರ್ಯಕಾರಿ ಸಮಿತಿಗೆ ಒಂದು ಬೇಡಿಕೆ. ರಾಜ್ಯೋತ್ಸವದ ಕರಪತ್ರದ ಖರ್ಚಿನಲ್ಲಿ ಒಂದು ಪುಟ ಉಳಿಸಿ, ಕನ್ನಡ, ತೆಲುಗು, ಉರ್ದು ಮೂರರಲ್ಲೂ ಒಂದು ನಮೂನೆ ಅಚ್ಚುಹಾಕಿಸಬೇಕು: ದೋಷ ಬಂದ ದಿನಾಂಕ, ಎಷ್ಟು ಹೊತ್ತು ಓಡಿದ ಮೇಲೆ, ಬಿಸಿಲೋ ಮಳೆಯೋ, ಏರೋ ಇಳಿಜಾರೋ, ಯಾವ ದೀಪ ಹತ್ತಿತು, ಎಷ್ಟು ಹೊತ್ತಿಗೆ ಸರಿಹೋಯಿತು. ಸದಸ್ಯರು ಅದನ್ನು ತುಂಬಿ ಜಾಬ್ ಕಾರ್ಡಿಗೆ ಲಗತ್ತಿಸಿ ಗ್ಯಾರೇಜಿನ ಸಹಿ ಪಡೆಯಲಿ; ಸಹಿ ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ನೋಂದಣಿ ಪತ್ರದ ಜೊತೆಗೇ ಇಟ್ಟುಕೊಳ್ಳಲಿ.