ಬಿಚ್ಚಲು ಬಾರದ ಬ್ಯಾಟರಿ ನಮಗೆ ಬೇಡ

ಕಳೆದ ಜೂನ್ ಮೊದಲ ವಾರ ಊರಿಂದ ತಮ್ಮ ಫೋನ್ ಮಾಡಿದ. "ಅಣ್ಣಾ, ಹದವಾಗಿ ಮಳೆ ಬಿತ್ತು, ಹೊರಟು ಬಾ" ಅಂದ. ನಾನಿದ್ದದ್ದು ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ, ಮಗನ ಬಾಡಿಗೆ ಮನೆಯಲ್ಲಿ. ನಮ್ಮದು ಪಾವಗಡ ತಾಲ್ಲೂಕು, ಐದೂವರೆ ಎಕರೆ ಮಳೆ ನಂಬಿದ ಹೊಲ. ಬೇಸಿಗೆಯಲ್ಲಿ ಅಲ್ಲಿ ಮಾಡುವ ಕೆಲಸವೇನೂ ಇರುವುದಿಲ್ಲ. ಮಾರ್ಚಿಯಿಂದ ಮೂರು ತಿಂಗಳು ಮಗನ ಮನೆಗೆ ಬಂದುಬಿಡುತ್ತೇನೆ. ಬಟ್ಟೆ ಚೀಲಕ್ಕೆ ತುಂಬಿ, ಬೀರುವಿನ ಮೇಲಿಟ್ಟಿದ್ದ ನನ್ನ ಕೈ ಬ್ಯಾಟರಿ ತೆಗೆದು ಗುಂಡಿ ಒತ್ತಿದೆ. ಹತ್ತಲಿಲ್ಲ.

ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ, ಒಳಗೆ ಹಾಕುವುದಕ್ಕೆ ಸೆಲ್ಲು ಅನ್ನುತ್ತಾರೆ. ಈ ಬರಹದಲ್ಲೂ ಹಾಗೇ ಓದಿಕೊಳ್ಳಿ.

ಹಿಂದಿನ ಮುಚ್ಚಳ ತಿರುಗಿಸಿ ನೋಡಿದರೆ ಸೆಲ್ಲಿನ ಬುಡದಲ್ಲಿ ಬಿಳಿ ಪುಡಿ. ಸೋರಿದೆ. ಒಂಬತ್ತು ವರ್ಷ ಹೊಲದ ಬದುವಿನಲ್ಲಿ, ಮಳೆಯಲ್ಲಿ, ಎತ್ತಿನ ಕಾಲ ಕೆಳಗೂ ಬದುಕಿ ಉಳಿದ ಸಾಮಾನು. ಅದನ್ನು ಕೆಡಿಸಿದ್ದು ಸುದ್ದಗುಂಟೆಪಾಳ್ಯದ ಬೀರುವಿನ ಮೇಲೆ ಮೂರು ತಿಂಗಳು ಪಡೆದ ವಿಶ್ರಾಂತಿ. ಆ ಬೀದಿಯಲ್ಲಿ ರಾತ್ರಿಯೂ ಹಗಲಿನಂತೆ ದೀಪ ಉರಿಯುತ್ತವೆ, ಡೈರಿ ಸರ್ಕಲ್ ಕಡೆಯಿಂದ ಗಾಡಿ ಸದ್ದು ನಿಲ್ಲುವುದೇ ಇಲ್ಲ. ಅಲ್ಲಿ ಬ್ಯಾಟರಿ ಯಾರಿಗೆ ನೆನಪಾಗುತ್ತೆ? ಮಗ ಅಂದ, "ಅಪ್ಪಾ, ಮೊಬೈಲಲ್ಲೇ ಲೈಟ್ ಐತಲ್ಲ, ಅದನ್ನ ಬಿಸಾಕು."

ಬಿಸಾಕಲಿಲ್ಲ. ಸೆಲ್ಲು ಹೊರಗೆ ಎಳೆದು, ಹತ್ತಿಗೆ ನಿಂಬೆರಸ ಹಚ್ಚಿ ಒಳಗಿನ ಸ್ಪ್ರಿಂಗು, ತಗಡು ಎಲ್ಲ ಒರೆಸಿದೆ. ಅಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ, ಅದಕ್ಕೆ ಹುಳಿಯೇ ಮದ್ದು. ಕೈಗೆ ಹತ್ತಿದರೆ ತೊಳೆದುಕೊಳ್ಳಿ, ಕಣ್ಣಿಗಂತೂ ಹೋಗಬಾರದು. ಆಮೇಲೆ ಒದ್ದೆ ಬಟ್ಟೆ, ಒಂದು ಗಂಟೆ ಬಿಸಿಲು, ಮರಳು ಕಾಗದದಿಂದ ಒಂದೆರಡು ಉಜ್ಜು. ಹೊಸ ಸೆಲ್ಲು ಹಾಕಿದೆ. ಹತ್ತಿತು. ಬಿಚ್ಚಲು ಬಂದಿದ್ದಕ್ಕೆ ಉಳಿಯಿತು ಅನ್ನುವುದು ಆಗ ತಲೆಗೆ ಹೊಕ್ಕ ಮಾತು.

ಇದಕ್ಕೂ ಎರಡು ತಿಂಗಳು ಮೊದಲು ಅದೇ ಬೀದಿಯಲ್ಲಿ ಇನ್ನೊಂದು ಪಾಠವಾಗಿತ್ತು. ಊರಿಂದ ಬರುವಾಗ ಕೆಟ್ಟ ಮೂರು ಚಾರ್ಜಿನ ಬ್ಯಾಟರಿ ಚೀಲದಲ್ಲಿ ತಂದಿದ್ದೆ. ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ 200ಕ್ಕೋ 250ಕ್ಕೋ ಸಿಗುವ ಪ್ಲಾಸ್ಟಿಕ್ ಸಾಮಾನು, ಹಿಂದಿನಿಂದ ಎರಡು ಪಿನ್ನು ಹೊರಗೆ ಬರುತ್ತವಲ್ಲ, ಅಂಥವು. ಮಗನ ಮನೆ ಹತ್ತಿರ ಮೊಬೈಲ್ ರಿಪೇರಿ ಮಾಡುವ ಒಬ್ಬ ಹುಡುಗ ಇದ್ದಾನೆ. "ಯಜಮಾನ್ರೇ, ಇದಕ್ಕೆ ಸ್ಕ್ರೂನೇ ಇಲ್ಲ, ಅಂಟು ಹಾಕಿ ಮುಚ್ಚಿದ್ದಾರೆ. ಒಡೆದೇ ನೋಡಬೇಕು" ಅಂದ. ಒಡಿ ಅಂದೆ. ಮೂರರಲ್ಲೂ ಒಳಗಿನ ಎಲ್‌ಇಡಿಗೆ ತನ್ನ ಮೇಜಿನ ಮೇಲಿದ್ದ ಒಳ್ಳೆಯ ಸೆಲ್ಲಿನ ವೈರು ಮುಟ್ಟಿಸಿದ. ಮೂರೂ ಫಳ್ ಅಂತ ಹತ್ತಿದವು! ದೀಪ ಮೂರೂ ಗಟ್ಟಿ, ಸತ್ತಿದ್ದು ಸೆಲ್ಲು ಮಾತ್ರ. ಆದರೆ ಒಡೆದ ಪ್ಲಾಸ್ಟಿಕ್ಕು ಮತ್ತೆ ಕೂರುವುದಿಲ್ಲ. ಮೂರನ್ನೂ ಅಲ್ಲೇ ಬಿಟ್ಟು ಬಂದೆ.

ಡಬ್ಬದ ಮೇಲೆ 50,000 ಗಂಟೆ ಬಾಳಿಕೆ ಅಂತ ಬರೆದಿರುತ್ತಾರೆ. ಅದು ಎಲ್‌ಇಡಿಯ ಮಾತು. ಕಾವು ಹೆಚ್ಚಾಗದಂತೆ ಉರಿದರೆ ಸುಳ್ಳೇನೂ ಅಲ್ಲ. ದಿನಕ್ಕೆ 20 ನಿಮಿಷದಂತೆ ನಾನು ಲೆಕ್ಕ ಹಾಕಿದೆ, ವರ್ಷಕ್ಕೆ 122 ಗಂಟೆ, ಅಂದರೆ 400 ವರ್ಷಕ್ಕೂ ಮೇಲೆ! ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿ ಇನ್ನೂ ಐನೂರು ತುಂಬಿಲ್ಲ. ನಾನೂರು ವರ್ಷ ಉರಿಯುವ ದೀಪವನ್ನು ಎಂಟು ತಿಂಗಳ ಸೆಲ್ಲಿನ ಜೊತೆ ಅಂಟು ಹಾಕಿ ಮುಚ್ಚುವುದು ಯಾವ ನ್ಯಾಯ? ಬಂಡಿ ಚಕ್ರದ ಪಟ್ಟಿ ಸವೆದರೆ ಬಂಡಿಯನ್ನೇ ಸುಡುತ್ತೇವೆಯೇ?

ನಗರದವರಿಗೆ ಇದು 250 ರೂಪಾಯಿ ಮಾತು. ನಮಗೆ ಹಾಗಲ್ಲ. 2019ರ ನವೆಂಬರಿನಲ್ಲಿ ಕಡ್ಲೆಕಾಯಿ ಕಿತ್ತು ಹೊಲದಲ್ಲೇ ಗುಡ್ಡೆ ಹಾಕಿದ್ದೆವು. ಹಂದಿ ಕಾಟ, ನಮ್ಮ ಕಡೆ ಕರಡಿಯೂ ಇದೆ, ರಾತ್ರಿ ಕಾವಲು ತಪ್ಪದು. ನಾನು ಕೆಳಗಿನ ತಾಕಿನಲ್ಲಿ, ತಮ್ಮ ಮೇಲಿನ ತಾಕಿನಲ್ಲಿ. ಅವನ ಕೈಲಿದ್ದದ್ದು ಇಂಥದ್ದೇ ಚಾರ್ಜಿನ ಬ್ಯಾಟರಿ. ಮನೆಯಲ್ಲಿ ಹಾಕಿ ನೋಡಿದಾಗ ಝಗಮಗ ಅಂದಿತ್ತಂತೆ. ಹೊಲ ಮುಟ್ಟಿ ಹತ್ತು ನಿಮಿಷಕ್ಕೆ ಮಂಕಾಗಿ ಆರಿತು. ಕತ್ತಲಲ್ಲೇ ಗುಡ್ಡೆ ಸುತ್ತ ನಡೆದಿದ್ದಾನೆ, ಕೊಳಕುಮಂಡಲ ಹಿಮ್ಮಡಿ ಮೇಲೆ ಕಚ್ಚಿತು. ದೇವರು ದೊಡ್ಡವನು, ಜೀವ ಉಳಿಯಿತು. ಆದರೆ ಆ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತೆ, ಮೂತ್ರಪಿಂಡಕ್ಕೂ ಏಟು ಕೊಡುತ್ತೆ. ಹದಿನೇಳು ದಿನ ಆಸ್ಪತ್ರೆ, ಒಂದು ಜೊತೆ ಎತ್ತು ಮಾರಿದೆವು, ಮುಂದಿನ ಮುಂಗಾರಿಗೆ ಅವನು ಹೊಲಕ್ಕೆ ಕಾಲಿಡಲಾಗಲಿಲ್ಲ.

ತಪ್ಪೆಲ್ಲ ಬ್ಯಾಟರಿಯದ್ದೇ ಅನ್ನಲಾರೆ. ಬೇಸಿಗೆಯಿಡೀ ಅದನ್ನು ಖಾಲಿಯಾಗಿಯೇ ಮೂಲೆಯಲ್ಲಿ ನೇತುಹಾಕಿದ್ದೆವು. ಆ ಅಗ್ಗದ ಬ್ಯಾಟರಿಗಳಲ್ಲಿ ಬಹಳಷ್ಟಕ್ಕೆ ಇರುವುದು 4 ವೋಲ್ಟಿನ ಸಣ್ಣ ಸೀಸದ ಸೆಲ್ಲು. ಸೀಸದ ಸೆಲ್ಲನ್ನು ಖಾಲಿ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಗಟ್ಟಿ ಪೊರೆ ಕಟ್ಟುತ್ತೆ, ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಹಿಡಿಯುವುದಿಲ್ಲ. ಹಸಿರು ದೀಪ ತೋರಿಸುತ್ತೆ, ಹೊಟ್ಟೆ ಮಾತ್ರ ಖಾಲಿ. ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು ಅಂತ ನಮಗೆ ಯಾರು ಹೇಳಿದ್ದರು? ಡಬ್ಬದ ಮೇಲೆ ಒಂದಕ್ಷರ ಕನ್ನಡ ಇರಲಿಲ್ಲ. ಬೆನ್ನಿಗೆ ಹಾಕುವ ಚಾರ್ಜಿನ ಸ್ಪ್ರೇಯರ್‌ಗಳೂ ಊರೂರಲ್ಲಿ ಮೂಲೆ ಸೇರುವುದು ಇದೇ ರೋಗದಿಂದ. ಅವುಗಳಲ್ಲೂ ಹೆಚ್ಚಾಗಿ ಇರುವುದು 12 ವೋಲ್ಟಿನ ಸೀಸದ್ದೇ. ಔಷಧಿ ಹೊಡೆಯುವ ಕಾಲ ಮುಗಿದ ಮೇಲೂ ತಿಂಗಳಿಗೊಂದು ಸಲ ಚಾರ್ಜಿಗೆ ಹಾಕಿ. ಅದರಲ್ಲಿ ಸ್ಕ್ರೂ ಇರುವುದರಿಂದ ಸೆಲ್ಲು ಬದಲಿಸಬಹುದು, ಅಷ್ಟು ಪುಣ್ಯ.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಮಂದಿ ಸತ್ತಿದ್ದು ಮಳೆಗಾಲದ ತಿಂಗಳುಗಳಲ್ಲಿ. 2024ರಲ್ಲಿ ನಮ್ಮ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ ಆಯಿತು. ಕಚ್ಚಿದ ಮೇಲಿನ ಲೆಕ್ಕ ಅದು. ಕಚ್ಚುವ ಮೊದಲು ಹಾವು ಕಾಣಬೇಕಲ್ಲ, ಅದಕ್ಕೆ ಕೈಯಲ್ಲಿ ಬೆಳಕು ಬೇಕು.

ಮೊಬೈಲ್ ಸಾಲದೇ ಅಂತ ಹುಡುಗರು ಕೇಳುತ್ತಾರೆ. ಅದರ ಬೆಳಕು ಕಾಲ ಬುಡಕ್ಕೆ ಸಾಕು, ಹತ್ತು ಮಾರು ಆಚೆ ಏನೂ ಕಾಣದು. ಅದಿರಲಿ. ಹಾವು ಕಚ್ಚಿದ ಹೊತ್ತಿಗೆ 108ಕ್ಕೆ ಕರೆ ಮಾಡಲು ಆ ಮೊಬೈಲೇ ಬೇಕು. ದಾರಿಯುದ್ದಕ್ಕೂ ಅದನ್ನೇ ಉರಿಸಿ ಖಾಲಿ ಮಾಡಿದ್ದರೆ ಯಾರನ್ನು ಕೂಗುವುದು? ನನ್ನ ತಮ್ಮ ಉಳಿದದ್ದು ಅವನ ಮೊಬೈಲಿನಲ್ಲಿ ಚಾರ್ಜ್ ಇದ್ದುದರಿಂದ.

ಈಗ ನನ್ನ ಆ ಹಳೆಯ ಕೈ ಬ್ಯಾಟರಿ ವಿಷಯ. 2016ರಲ್ಲಿ ಮಗ ಎಸ್.ಪಿ. ರೋಡಿನಲ್ಲಿ 1,100 ರೂಪಾಯಿಗೆ ಕೊಂಡ. ಇಷ್ಟು ದುಡ್ಡಾ ಅಂತ ಬೈದಿದ್ದೆ. ಅಂಗೈ ಉದ್ದ, ಅಲ್ಯೂಮಿನಿಯಂ ಮೈ, ಗಡಿಯಾರಕ್ಕೆ ಹಾಕುವ ಪೆನ್ ಸೆಲ್ಲು ಒಂದೇ ಒಂದು. ಒಂದೂವರೆ ವೋಲ್ಟಿನ ಸೆಲ್ಲಿನಲ್ಲಿ ಬಿಳಿ ಎಲ್‌ಇಡಿ ಉರಿಯುವುದಿಲ್ಲ, ಅದಕ್ಕೆ ಸುಮಾರು 3 ವೋಲ್ಟು ಬೇಕು. ಒಳಗೊಂದು ಪುಟ್ಟ ಸರ್ಕ್ಯೂಟು ವೋಲ್ಟನ್ನು ಎತ್ತಿ ಕೊಡುತ್ತೆ. ಬೆಳಕಿಗೆ ಮೂರು ಹಂತ. ನಾನು ನಡುವಿನದ್ದರಲ್ಲೇ ಓಡಾಡುತ್ತೇನೆ, ದೊಡ್ಡ ಬೆಳಕು ಹಂದಿ ಬಂದಾಗ ಮಾತ್ರ. ದೊಡ್ಡದರಲ್ಲೇ ಇಟ್ಟರೆ ಒಂದು ಗಂಟೆಗೆಲ್ಲ ಸೆಲ್ಲು ಮುಗಿಯುತ್ತೆ, ಮೈಯೂ ಬಿಸಿ.

ಸೆಲ್ಲು ಬದಲಿಸಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಭ್ಯಾಸ ನನಗಿದೆ. ದಿನಕ್ಕೆ 20 ನಿಮಿಷದ ಲೆಕ್ಕದಲ್ಲಿ ಅಂಗಡಿಯ 12 ರೂಪಾಯಿಯ ಮಾಮೂಲಿ ಸೆಲ್ಲು ಆರು ರಾತ್ರಿ ಬಂತು. ವರ್ಷಕ್ಕೆ 60 ಸೆಲ್ಲು, 720 ರೂಪಾಯಿ. ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲು, 2,000 ಎಂ.ಎ.ಎಚ್. ಅಂತ ಬರೆದದ್ದು, ಹದಿನೈದು ರಾತ್ರಿ ಬಂತು. ಅದರ ಮೇಲೆ 1.2 ವೋಲ್ಟ್ ಅಂತ ಇರುವುದು ನೋಡಿ ಬೆಳಕು ಕಡಿಮೆ ಅಂತ ಹೆದರಬೇಡಿ, ಇಂಥ ಸರ್ಕ್ಯೂಟಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ನಾಲ್ಕು ಸೆಲ್ಲು, ಒಂದು ಚಾರ್ಜರು ಸೇರಿ 1,000 ರೂಪಾಯಿ ಕೊಟ್ಟೆ. ಐದನೇ ವರ್ಷ ನಡೆಯುತ್ತಿದೆ. ಕೊಳ್ಳುವಾಗ ಚಾರ್ಜ್ ತುಂಬಿಯೇ ಬರುವ ನಮೂನೆ ಕೇಳಿ ತನ್ನಿ, ಅವು ಇಟ್ಟಲ್ಲೇ ಖಾಲಿಯಾಗುವುದು ಕಡಿಮೆ. ಹಾಗಾದರೆ ಸುದ್ದಗುಂಟೆಪಾಳ್ಯದಲ್ಲಿ ಸೋರಿದ್ದು ಯಾವುದು? ಹೊರಡುವ ಗಡಿಬಿಡಿಯಲ್ಲಿ ನಿಕ್ಕಲ್ ಸೆಲ್ಲುಗಳನ್ನು ಊರಲ್ಲೇ ಮರೆತು, ಮಗನ ಮನೆ ಗಡಿಯಾರದಿಂದ ತೆಗೆದ ಹಳೇ ಅಲ್ಕಲೈನ್ ಸೆಲ್ಲು ಹಾಕಿದ್ದೆ. ಜಿಪುಣತನದ ಫಲ.

ಈ ಒಂಬತ್ತು ವರ್ಷದಲ್ಲಿ ಕೆಟ್ಟದ್ದು ಒಂದೇ, ಹಿಂದಿನ ರಬ್ಬರು ಗುಂಡಿ ಆರನೇ ವರ್ಷ ಹರಿಯಿತು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಹಾಕಿದ್ದೇನೆ, ನೀರೂ ಹೋಗುವುದಿಲ್ಲ.

ಅಪ್ಪನ ಕಾಲದ ಎವರೆಡಿ ಹಿತ್ತಾಳೆ ಬ್ಯಾಟರಿ ಇನ್ನೂ ಮನೆಯಲ್ಲಿದೆ. ಮೂರು ದಪ್ಪ ಸೆಲ್ಲು. ಮಂಕಾದರೆ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ರಾತ್ರಿ ಹಿಂಡುತ್ತಿದ್ದರು, ಆಮೇಲೆ ರೇಡಿಯೋಗೆ. ಬಿಸಿಲಿಗಿಟ್ಟರೆ ಸ್ವಲ್ಪ ಚೇತರಿಸುವುದು ನಿಜ, ಸೋರುವುದೂ ಬೇಗ. ಆ ಸೆಲ್ಲಿನ ಸತುವಿನ ಡಬ್ಬವೇ ಒಳಗೊಳಗೆ ಕರಗಿ ಕರೆಂಟು ಕೊಡುವುದು, ಕರಗಿದ ಮೇಲೆ ತೂತಾಗದೆ ಇನ್ನೇನು? ಬೆಳಕಿಗೆ ಈಗಿನ ಅಂಗೈ ಬ್ಯಾಟರಿ ಮುಂದೆ ಅದು ಏನೂ ಅಲ್ಲ, ಬಲ್ಬು ಕರೆಂಟಿನ ಬಹುಪಾಲನ್ನು ಬಿಸಿ ಮಾಡಿಯೇ ಕಳೆಯುತ್ತಿತ್ತು. ಆದರೆ ಅದರ ಒಂದೊಂದು ಭಾಗವನ್ನೂ ಅಪ್ಪ ಬಿಚ್ಚಿ ಜೋಡಿಸುತ್ತಿದ್ದರು. ಹೊಸ ಬೆಳಕು, ಹಳೇ ಬಿಚ್ಚುವ ಗುಣ ಎರಡೂ ಸೇರಿದ ಸಾಮಾನು ಬೇಕು ಅನ್ನುವುದಷ್ಟೇ ನನ್ನ ವಾದ.

ಲಿಥಿಯಂ ಸೆಲ್ಲಿನ ಬ್ಯಾಟರಿಯೂ ಬೇಡವೆನ್ನುವುದಿಲ್ಲ. 18650 ಅಂತ ಒಂದು ಅಳತೆ ಇದೆ, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಹಂದಿ ಕಾವಲಿಗೆ ಅದರ ಬಲ ಬೇರೆಯೇ. ಆದರೆ ಸೆಲ್ಲು ಹೊರಗೆ ತೆಗೆಯಲು ಬರುವಂಥದ್ದನ್ನೇ ಕೊಳ್ಳಿ. ಸೆಲ್ಲಿನ ಮೇಲೆ 9,000 ಎಂ.ಎ.ಎಚ್. ಅಂತ ಬರೆದಿದ್ದರೆ ಅಂಗಡಿಯಿಂದ ಎದ್ದು ಬನ್ನಿ. ಈ ಅಳತೆಯ ಒಳ್ಳೆಯ ಸೆಲ್ಲು ಹಿಡಿಯುವುದೇ 3,500ರ ಆಸುಪಾಸು, 5,000 ಯಾವುದೂ ಮುಟ್ಟುವುದಿಲ್ಲ. ಗುಜರಿ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ಲನ್ನು ಹುಲ್ಲಿನ ಬಣವೆ ಪಕ್ಕ ಚಾರ್ಜಿಗೆ ಹಾಕಬೇಡಿ, ಬೆಂಕಿ ಹತ್ತುವ ಜಾತಿ ಅದು.

ನಮ್ಮ ತಾಲ್ಲೂಕಿನಲ್ಲೇ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ 2019ರ ಕೊನೆಗೆ ಪೂರ್ತಿ ಆಯಿತು. ನೆಲ ಗುತ್ತಿಗೆ ಕೊಟ್ಟವರಲ್ಲಿ ನಮ್ಮ ನೆಂಟರೂ ಇದ್ದಾರೆ. ಅಷ್ಟು ಬೆಳಕು ನಮ್ಮ ನೆಲದಿಂದ ಹೊರಡುತ್ತೆ, ಹೊಲದ ದಾರಿಯಲ್ಲಿ ನಮ್ಮ ಕೈಗೆ ಒಂದು ನೆಟ್ಟಗಿನ ದೀಪ ಸಿಗುವುದಿಲ್ಲ. ಯುರೋಪಿನವರು 2023ರಲ್ಲಿ ಕಾನೂನು ಮಾಡಿದ್ದಾರೆ, 2027ರ ಫೆಬ್ರವರಿಯಿಂದ ಇಂಥ ಸಣ್ಣ ಸಾಮಾನುಗಳ ಸೆಲ್ಲನ್ನು ಕೊಂಡವನೇ ಬಿಚ್ಚಿ ಬದಲಿಸಲು ಬರಬೇಕು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಮಾತು ಎತ್ತಿತು, ಕೃಷಿ ಉಪಕರಣವನ್ನೂ ಅದರಲ್ಲಿ ಸೇರಿಸಿತು. ಕೃಷಿ ಉಪಕರಣ ಅಂದರೆ ಟ್ರ್ಯಾಕ್ಟರು, ಟಿಲ್ಲರು ಮಾತ್ರ ಅಂದುಕೊಳ್ಳದಿರಲಿ. ರಾತ್ರಿ ಹೊಲಕ್ಕೆ ಹೋಗುವವನ ಕೈಲಿರುವ ಬ್ಯಾಟರಿಯೂ ಕುಡುಗೋಲಿನಷ್ಟೇ ಕೃಷಿ ಉಪಕರಣ. ಒಳಗೆ ಯಾವ ಸೆಲ್ಲಿದೆ, ಹೇಗೆ ಬದಲಿಸುವುದು, ಎಷ್ಟು ದಿನಕ್ಕೊಮ್ಮೆ ಚಾರ್ಜು ಅಂತ ಡಬ್ಬದ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ ಅಂತ ನಾವೂ ಕೇಳಬೇಕು. ಅಂಗಡಿಯಲ್ಲಿ ಕೇಳುವುದಂತೂ ಇವತ್ತಿಂದಲೇ ಆಗುತ್ತೆ: "ಇದನ್ನ ಬಿಚ್ಚಿ ತೋರಿಸಪ್ಪಾ." ಬಿಚ್ಚಲು ಬಾರದಿದ್ದರೆ ಬೇಡ ಅಂತ ಹೇಳಿ ಬನ್ನಿ.

ಜೂನಿನಲ್ಲಿ ಊರಿಗೆ ಬಂದವನು ತಮ್ಮನಿಗೂ ಒಂದು ಪೆನ್ ಸೆಲ್ಲಿನ ಬ್ಯಾಟರಿ ತಂದುಕೊಟ್ಟೆ. ಅವನು ಮೊದಲು ಬಿಚ್ಚಿ, ಜೋಡಿಸಿ, ಆಮೇಲೆಯೇ ಹಾಕಿ ನೋಡಿದ.

ಉಳಿದಿರುವುದು ಇನ್ನೊಂದು. ಕೆಲಸ ಮುಗಿದ ಸೆಲ್ಲುಗಳನ್ನೆಲ್ಲ ಒಂದು ಎಣ್ಣೆ ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೇನೆ, ತಿಪ್ಪೆಗೆ ಎಸೆದರೆ ಅದೇ ಗೊಬ್ಬರದ ಜೊತೆ ಹೊಲಕ್ಕೆ ಬರುತ್ತೆ. 2022ರ ನಿಯಮದ ಪ್ರಕಾರ ಮಾಡಿದವರೇ ಅವನ್ನು ವಾಪಸು ಪಡೆಯುವ ಏರ್ಪಾಡು ಮಾಡಬೇಕು. ನಮ್ಮ ಕಡೆಯ ಗುಜರಿಯವನು ಸೀಸದ್ದನ್ನು ತೂಕಕ್ಕೆ ಕೊಳ್ಳುತ್ತಾನೆ, ಮಿಕ್ಕಿದ್ದನ್ನು ಮುಟ್ಟುವುದಿಲ್ಲ. ನಿಮ್ಮ ಊರಿನಲ್ಲಿ ಯಾರಾದರೂ ತೆಗೆದುಕೊಳ್ಳುತ್ತಾರೆಯೇ? ತೆಗೆದುಕೊಂಡರೆ ಎಲ್ಲಿ, ಹೇಗೆ ಅಂತ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಡಬ್ಬ ತುಂಬುತ್ತಾ ಬಂದಿದೆ.